ಶರಾವತಿ ಹಿನ್ನೀರಿನ ದ್ವೀಪದಲ್ಲಿ ಎರಡು ರಾತ್ರಿ: ತುಮರಿ, ಸಿಗಂದೂರು ಸೀಮೆಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಶರಾವತಿ ಹಿನ್ನೀರಿಗೆ ಸೇತುವೆ ಆದಮೇಲೆ ಸಿಗಂದೂರಿಗೆ ಹೋಗಿಬರುವುದು ಅರ್ಧ ದಿನದ ಕೆಲಸ. ಬೆಳಿಗ್ಗೆ ಸಾಗರದಲ್ಲಿ ತಿಂಡಿ, ಹತ್ತು ಗಂಟೆಗೆ ದೇವಿಯ ದರ್ಶನ, ಮಧ್ಯಾಹ್ನ ಜೋಗ, ರಾತ್ರಿ ರೈಲು. ಬೆಂಗಳೂರಿನಿಂದ ಬರುವ ನನ್ನ ನೆಂಟರೂ ಈಗ ಹೀಗೇ ಮಾಡುತ್ತಾರೆ. ನನಗೆ ಇದು ಬೇಸರ. ಆ ನೀರಿನ ಆಚೆ ಒಂದು ಇಡೀ ಸೀಮೆ ಇದೆ. ಅಲ್ಲಿ ಹಳ್ಳಿಗಳಿವೆ, ಅಡಿಕೆ ತೋಟಗಳಿವೆ, ಗೋಡೆಯ ಮೇಲೆ ಚಿತ್ತಾರ ಬರೆಯುವ ಕೈಗಳಿವೆ, ಊಟಕ್ಕೆ ಕೂತವರನ್ನು ಎಬ್ಬಿಸಲು ಮನಸ್ಸೇ ಮಾಡದ ಜನರಿದ್ದಾರೆ. ಅದನ್ನು ಕಾರಿನ ಕಿಟಕಿಯಿಂದ ನೋಡಿ ಬಂದರೆ ಏನು ನೋಡಿದ ಹಾಗಾಯಿತು?

ನಾನು ಸಾಗರದವನು. ನಮ್ಮ ದೊಡ್ಡಮ್ಮನ ಮನೆ ಹೊಳೆಯ ಆಚೆ. ಚಿಕ್ಕಂದಿನಿಂದ ರಜೆ ಬಂದರೆ ಲಾಂಚ್ ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಹಾಗಾಗಿ ಹೋಗುವವರಿಗೆ ಏನು ಬೇಕು ಅನ್ನುವುದು ಸ್ವಲ್ಪ ಗೊತ್ತು. ಎರಡು ರಾತ್ರಿ, ಮೂರು ಹಗಲು ಇಟ್ಟುಕೊಂಡು ಬನ್ನಿ. ಹೇಗೆ ಅಂತ ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಹೆಜ್ಜೆ 1: ಎಲ್ಲಿಗೆ ಹೋಗುತ್ತಿದ್ದೀರಿ ಅಂತ ತಿಳಿದುಕೊಳ್ಳಿ

ಇದು ಹುಟ್ಟಿನಿಂದ ದ್ವೀಪ ಅಲ್ಲ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ ಜೋಗದಿಂದ ಸ್ವಲ್ಪ ಮೇಲೆ, ಲಿಂಗನಮಕ್ಕಿಯಲ್ಲಿ, 1964ರಲ್ಲಿ ಅಣೆಕಟ್ಟು ಆಯಿತು. ನೀರು ಹಿಂದಕ್ಕೆ ಹರಡಿತು. ಗದ್ದೆ, ತೋಟ, ಮನೆ, ದೇವಸ್ಥಾನ, ರಸ್ತೆ ಎಲ್ಲ ಒಳಗೆ ಹೋದವು. ಗುಡ್ಡದ ಮೇಲೆ ಉಳಿದದ್ದು ಉಳಿಯಿತು. ಕರೂರು, ಬಾರಂಗಿ ಹೋಬಳಿಯ ಹಳ್ಳಿಗಳಿಗೆ ಮೂರು ದಿಕ್ಕಿನಿಂದ ನೀರು ಸುತ್ತಿಕೊಂಡಿತು. ತಾಲೂಕು ಕೇಂದ್ರವಾದ ಸಾಗರ ಕಣ್ಣಿಗೆ ಕಾಣುವ ದಡದ ಆಚೆ ಇದ್ದರೂ ದೂರವಾಯಿತು. ಹಿಂಬದಿಯಲ್ಲಿ ಕಾಡಿನ ನಡುವೆ ಕೊಲ್ಲೂರಿನ ಕಡೆ ಒಂದು ನೆಲದ ದಾರಿ ಇದೆ. ಆದ್ದರಿಂದ ಭೂಗೋಳದ ಪ್ರಕಾರ ಇದು ಪೂರ್ತಿ ದ್ವೀಪ ಅಲ್ಲ. ಆದರೆ ಇಲ್ಲಿಯವರು ತಮ್ಮನ್ನು 'ದ್ವೀಪದವರು' ಅಂತಲೇ ಕರೆದುಕೊಂಡರು. ರಾತ್ರಿ ಹೆರಿಗೆ ನೋವು ಬಂದರೆ ಲಾಂಚ್ ಇರುತ್ತಿರಲಿಲ್ಲ. ಹೈಸ್ಕೂಲು ಮುಗಿಸಿದ ಮಕ್ಕಳಿಗೆ ದಿನವೂ ಹೊಳೆ ದಾಟುವ ಓದಾಗಿತ್ತು. ಅಂಥ ಬದುಕಿಗೆ ಬೇರೆ ಹೆಸರು ಯಾವುದಿತ್ತು?

ಈ ನೀರಿನಿಂದ ಓಡುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಬಲ್ಬ್ ಉರಿದದ್ದು ಈ ನೀರಿನಿಂದ. 'ಮುಳುಗಡೆ' ಅನ್ನುವ ಮಾತನ್ನು ಇಲ್ಲಿ ಯಾರ ಬಾಯಲ್ಲಿ ಕೇಳಿದರೂ ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಳ್ಳಿ. ಅದು ಅವರಿಗೆ ಹಳೇ ಕತೆ ಅಲ್ಲ, ಮನೆಯ ಕತೆ.

ಸೇತುವೆಗಾಗಿ ಜನ ಹತ್ತಾರು ವರ್ಷ ಕಾದರು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿ.ಮೀ. ಉದ್ದದ ತೂಗು ಕೇಬಲ್‌ಗಳ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಅದನ್ನು ದಾಟುವಾಗ ಇದು ನೆನಪಿರಲಿ.

ಹೆಜ್ಜೆ 2: ತಿಂಗಳು ಆರಿಸಿಕೊಳ್ಳಿ

ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಮಳೆ ನಿಂತಿರುತ್ತದೆ, ಹಿನ್ನೀರು ತುಂಬಿರುತ್ತದೆ, ಬೆಳಿಗ್ಗೆ ಮಂಜು ನೀರಿನ ಮೇಲೆ ಕೂತಿರುತ್ತದೆ. ಗದ್ದೆ ಹೊಂಬಣ್ಣಕ್ಕೆ ತಿರುಗಿರುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ಅಡಿಕೆ ಕೊಯ್ಲು. ರಾತ್ರಿ ಅಂಗಳದಲ್ಲಿ ದೀಪ ಹಚ್ಚಿಕೊಂಡು ಅಡಿಕೆ ಸುಲಿಯುವ ಗುಂಪು, ಅವರ ಹರಟೆ, ಹಂಡೆಯಲ್ಲಿ ಬೇಯುವ ಅಡಿಕೆಯ ವಾಸನೆ. ಇಷ್ಟಕ್ಕೇ ಒಂದು ಸಲ ಬರಬಹುದು.

ಜನವರಿಯಿಂದ ಮಾರ್ಚ್ ತನಕ ಆಲೆಮನೆ ಕಾಲ. ಕಬ್ಬಿನ ಹಾಲು, ಬಿಸಿ ಬೆಲ್ಲ ಸಿಗುತ್ತದೆ.

ಏಪ್ರಿಲ್, ಮೇ ಬೇರೆ ನೋಟ. ನೀರು ಕೆಳಗೆ ಇಳಿಯುತ್ತದೆ. ದಡದಲ್ಲಿ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅರುವತ್ತು ವರ್ಷ ನೀರಲ್ಲಿದ್ದ ಮರದ ಬೊಡ್ಡೆಗಳು ಕಪ್ಪಗೆ ತಲೆ ಎತ್ತುತ್ತವೆ. ನೀರು ತೀರಾ ಇಳಿದ ವರ್ಷ ಹಿರೇಭಾಸ್ಕರ ಅಣೆಕಟ್ಟೂ ಹೊರಗೆ ಬರುತ್ತದೆ. ಲಿಂಗನಮಕ್ಕಿಗಿಂತ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಅಣೆಕಟ್ಟು ಅದು. ದೊಡ್ಡದು ಬಂದಾಗ ಚಿಕ್ಕದು ಮುಳುಗಿತು. ಬಿಸಿಲು ಜೋರಾದರೂ ಮುಳುಗಡೆ ಅಂದರೆ ಏನು ಅಂತ ಕಣ್ಣಾರೆ ಕಾಣುವುದು ಆಗಲೇ.

ಜೂನ್‌ನಿಂದ ಸೆಪ್ಟೆಂಬರ್: ಮಳೆ ಅಂದರೆ ಮಳೆ. ಮೊದಲ ಸಲ ಬರುವವರು, ಚಿಕ್ಕ ಮಕ್ಕಳಿರುವವರು ಬೇಡ. ಎರಡನೇ ಸಲ ಬರುವವರು ಖಂಡಿತ ಬನ್ನಿ. ಜೋಗ ತುಂಬಿ ಧುಮುಕುವುದು ಆಗ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಅಷ್ಟು ತುಂಬಿ ಗೇಟು ತೆಗೆದ ಸುದ್ದಿ ಪೇಪರಿನಲ್ಲಿ ಬಂದರೆ ರಜೆ ಹಾಕಿ ಹೊರಡಿ. ಪ್ರತಿ ವರ್ಷ ತುಂಬುವುದಿಲ್ಲ.

ಜನವರಿ 14, 15ರಂದು ಸಿಗಂದೂರಿನಲ್ಲಿ ಸಂಕ್ರಾಂತಿ ಜಾತ್ರೆ. ಭಕ್ತಿಯಿಂದ ಬರುವವರಿಗೆ ಅದೇ ಒಳ್ಳೆಯ ದಿನ. ನೆಮ್ಮದಿ ಹುಡುಕಿ ಬರುವವರು ಆ ವಾರ ಬಿಡಿ.

ಹೆಜ್ಜೆ 3: ಉಳಿಯುವ ಮನೆ ಮೊದಲು ಗೊತ್ತು ಮಾಡಿಕೊಳ್ಳಿ

ಹೊಳೆಯ ಆಚೆ ದೊಡ್ಡ ಹೋಟೆಲ್ ನೆಚ್ಚಿಕೊಂಡು ಬರಬೇಡಿ. ತುಮರಿ, ಬ್ಯಾಕೋಡು ಸುತ್ತಮುತ್ತ ಹೋಂಸ್ಟೇಗಳಿವೆ. ಸಾಗರದಲ್ಲಿ ಲಾಡ್ಜ್‌ಗಳಿವೆ, ಆದರೆ ಅಲ್ಲಿ ಉಳಿದರೆ ಮತ್ತೆ ಅರ್ಧ ದಿನದ ಪ್ರವಾಸವೇ ಆಗುತ್ತದೆ. ಮನೆಯವರೇ ಅಡಿಗೆ ಮಾಡಿ ಬಡಿಸುವ ಮನೆ ಹುಡುಕಿ.

ಫೋನ್ ಮಾಡಿದಾಗ ಈ ನಾಲ್ಕು ಮಾತು ಕೇಳಿ. ಊಟ ಮನೆಯದಾ, ಹೊರಗಿನಿಂದ ತರಿಸುವುದಾ? ಸಸ್ಯಾಹಾರದ ಮನೆಯಾ, ಮೀನು ಕೋಳಿ ಮಾಡುತ್ತಾರಾ? ಕೊನೆಯ ಎರಡು ಕಿಲೋಮೀಟರು ಕಾರು ಬರುತ್ತದಾ? ನಿಮ್ಮ ಸಿಮ್‌ಗೆ ಅಲ್ಲಿ ನೆಟ್‌ವರ್ಕ್ ಸಿಗುತ್ತದಾ? ಕೊನೆಯ ಪ್ರಶ್ನೆಗೆ ಹೆಚ್ಚಿನವರು "ಗುಡ್ಡದ ಮೇಲೆ ಸಿಗ್ತದೆ" ಅನ್ನುತ್ತಾರೆ. ಅಂದರೆ ಮನೆಯಲ್ಲಿ ಸಿಗುವುದಿಲ್ಲ ಅಂತ ಅರ್ಥ. ಆಫೀಸಿಗೆ ಮೊದಲೇ ಹೇಳಿ ಬನ್ನಿ. ಮನೆಯ ನಂಬರು, ದಾರಿ ಎರಡನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ.

ಊಟಕ್ಕೆ ಎಷ್ಟು ಜನ ಅಂತ ಹಿಂದಿನ ದಿನವೇ ಹೇಳಿ. ಇಲ್ಲಿ ಅಡಿಗೆಗೆ ಸೊಪ್ಪು ಹಿತ್ತಲಿನಿಂದ ಬರಬೇಕು, ಕಾಯಿ ತೋಟದಿಂದ ಬರಬೇಕು. ಬಂದಮೇಲೆ "ಇನ್ನೂ ನಾಲ್ಕು ಜನ ಇದ್ದೇವೆ" ಅಂದರೆ ಮನೆಯಾಕೆ ಇಲ್ಲ ಅನ್ನುವುದಿಲ್ಲ. ತಾನು ಊಟ ಬಿಟ್ಟು ನಿಮಗೆ ಬಡಿಸುತ್ತಾಳೆ. ಅದಕ್ಕೇ ಮೊದಲೇ ಹೇಳಬೇಕು.

ಹೆಜ್ಜೆ 4: ಸಾಗರ ತಲುಪಿ, ಚೀಲ ಕಟ್ಟಿ

ಮೈಸೂರಿನಿಂದ ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ರಾತ್ರಿ ರೈಲು ಇದೆ. ಮಲಗಿ ಎದ್ದರೆ ಸಾಗರ. ಟಿಕೆಟ್ ಮಾಡುವಾಗ ನಿಲ್ದಾಣದ ಹೆಸರು 'ಸಾಗರ ಜಂಬಗಾರು' ಅಂತ ಇರುತ್ತದೆ, ಗಾಬರಿ ಬೇಡ. ವಿಮಾನದಲ್ಲಿ ಬರುವವರಿಗೆ ಶಿವಮೊಗ್ಗದ ಸೋಗಾನೆಯಲ್ಲಿ 2023ರಿಂದ ನಿಲ್ದಾಣ ಇದೆ. ಶಿವಮೊಗ್ಗದಿಂದ ಸಾಗರ ಸುಮಾರು 70 ಕಿ.ಮೀ.

ಸಾಗರದಲ್ಲೇ ಪೆಟ್ರೋಲ್ ತುಂಬಿಸಿ, ನಗದು ತೆಗೆದುಕೊಳ್ಳಿ, ಬೇಕಾದ ಔಷಧ ಕೊಳ್ಳಿ. ಟಾರ್ಚ್, ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಮೊಣಕಾಲಿನ ತನಕ ಬರುವ ಸಾಕ್ಸ್, ಹಿಡಿತ ಇರುವ ಚಪ್ಪಲಿ ಇರಲಿ. ಮಳೆಗಾಲಕ್ಕೆ ಛತ್ರಿಗಿಂತ ರೈನ್‌ಕೋಟ್ ಒಳ್ಳೆಯದು. ನೀರಿನ ಬಾಟಲಿ ಮನೆಯಿಂದಲೇ ತನ್ನಿ, ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದು.

ಒಂದು ಗಂಟೆ ಬಿಡುವಿದ್ದರೆ ಸಾಗರದ ಗುಡಿಗಾರರ ಕೆತ್ತನೆ ನೋಡಿ. ಶ್ರೀಗಂಧದ ಒಂದು ಗೇಣು ತುಂಡಿನಲ್ಲಿ ಕಾಡು, ಆನೆ, ಬಳ್ಳಿ ಎಲ್ಲ ಬಿಡಿಸುತ್ತಾರೆ. ತಲೆತಲಾಂತರದಿಂದ ಬಂದ ಕೈಕೆಲಸ ಅದು. ನಾಟಕದ ಆಸಕ್ತಿ ಇರುವವರು ಹೆಗ್ಗೋಡಿಗೆ ಹೋಗಿಬನ್ನಿ. 1949ರಲ್ಲಿ ಶುರುವಾದ ನೀನಾಸಂ ಅಲ್ಲಿದೆ. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹೆಜ್ಜೆ 5: ಹೊಳೆ ದಾಟಿ

ಸಾಗರದಿಂದ ಆವಿನಹಳ್ಳಿ ಮೇಲೆ ಹೊಳೆಬಾಗಿಲಿಗೆ, ಅಂದರೆ ಅಂಬಾರಗೋಡ್ಲಿನ ದಡಕ್ಕೆ, ಸುಮಾರು 30 ಕಿ.ಮೀ. ಹೋಗುವಾಗ ಇಕ್ಕೇರಿಗೆ ಇಳಿಯಿರಿ. ಕೆಳದಿ ನಾಯಕರ ಕಾಲದ ಅಘೋರೇಶ್ವರ ದೇವಸ್ಥಾನ, 16ನೇ ಶತಮಾನದ್ದು. ಎದುರಿಗೆ ಮಂಟಪದಲ್ಲಿ ದೊಡ್ಡ ನಂದಿ. ಒಳಗೆ ಗರ್ಭಗುಡಿಯ ಮುಂದಿನ ನೆಲದ ಮೇಲೆ ನೋಡಿ: ಸಾಷ್ಟಾಂಗ ಬಿದ್ದಿರುವ ಮೂವರು ಅರಸರ ಆಕೃತಿ ಕೆತ್ತಿದ್ದಾರೆ. ಬಂದ ಭಕ್ತರ ಕಾಲ ಕೆಳಗೆ ತಾವಿರಬೇಕು ಅಂತ ಬಯಸಿದ ದೊರೆಗಳು. ನನಗೆ ಆ ದೇವಸ್ಥಾನದಲ್ಲಿ ಎಲ್ಲಕ್ಕಿಂತ ಇಷ್ಟ ಆಗುವುದು ಆ ನೆಲವೇ.

ಆಮೇಲೆ ರಸ್ತೆ ಇಳಿಯುತ್ತದೆ, ಮರಗಳ ನಡುವೆ ಒಮ್ಮೆಲೇ ನೀರು ಕಾಣುತ್ತದೆ. ಸೇತುವೆಗೆ ಏರುವ ಮೊದಲು ದಡದ ಕಡೆ ಬಂದು ಹತ್ತು ನಿಮಿಷ ನಿಲ್ಲಿ. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಫೋಟೋ ತೆಗೆಯುವುದು ಬೇಡ. ಅಪಾಯವೂ ಹೌದು, ಆಸ್ಪತ್ರೆಗೆ ಹೊರಟ ಗಾಡಿಗೆ ಅಡ್ಡಿಯೂ ಹೌದು.

ಈ ದಡದಲ್ಲಿ ನನಗೆ ಒಂದು ಋಣ ಇದೆ. ಕಾಲೇಜಿನ ದಿನಗಳಲ್ಲಿ ಒಮ್ಮೆ ಕೊನೆಯ ಲಾಂಚ್ ತಪ್ಪಿಸಿಕೊಂಡೆ. ಕತ್ತಲಾಯಿತು, ಮಳೆ ಶುರುವಾಯಿತು. ಗೂಡಂಗಡಿ ಮುಚ್ಚುತ್ತಿದ್ದ ಅಕ್ಕ ನನ್ನನ್ನು ನೋಡಿ, "ಎಂತ ಮಾಡ್ತೀರಿ ಇಲ್ಲಿ ನಿಂತು? ಬನ್ನಿ ಮನೆಗೆ, ಗಂಜಿ ಇದೆ" ಅಂದರು. ಕುಚ್ಚಲಕ್ಕಿ ಗಂಜಿ, ಸುಟ್ಟ ಹಪ್ಪಳ, ಮಿಡಿ ಉಪ್ಪಿನಕಾಯಿ. ಬೆಳಿಗ್ಗೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಹೊಳೆ ದಾಟೋರ ಹತ್ರ ಅದಕ್ಕೆಲ್ಲ ಯಾರು ತಗೊಳ್ತಾರೆ" ಅಂದರು. ಈಗ ಅಲ್ಲಿ ಕಾಯುವವರಿಲ್ಲ. ಆದರೂ ದಡದ ಅಂಗಡಿಗಳಲ್ಲಿ ಒಂದು ಚಹಾ ಕುಡಿಯಿರಿ. ಲಾಂಚಿನ ಜನರನ್ನು ನಂಬಿ ವರ್ಷಗಟ್ಟಲೆ ಬದುಕಿದ ಅಂಗಡಿಗಳು ಅವು.

ಹೆಜ್ಜೆ 6: ಮೊದಲ ಸಂಜೆ ಏನೂ ಇಟ್ಟುಕೊಳ್ಳಬೇಡಿ

ಮನೆ ತಲುಪಿದ ಕೂಡಲೇ ಕೈಕಾಲು ತೊಳೆಯಲು ನೀರು ಕೊಡುತ್ತಾರೆ. ಹವ್ಯಕರ ಮನೆಯಾದರೆ "ಆಸರಿಗೆ ಎಂತ ಬೇಕು?" ಅಂತ ಕೇಳುತ್ತಾರೆ. ದಣಿವಿಗೆ ಕುಡಿಯಲು ಏನು ಬೇಕು ಅಂತ. ಬೆಲ್ಲ ನೀರು ಕೇಳಿ, ಇಲ್ಲದಿದ್ದರೆ ಮಜ್ಜಿಗೆ. "ಏನೂ ಬೇಡ" ಅನ್ನಬೇಡಿ, ಮನೆಯವರಿಗೆ ಸಮಾಧಾನ ಆಗುವುದಿಲ್ಲ. ದೊಡ್ಡವರನ್ನು ಹೆಗಡೇರೇ, ಭಟ್ಟರೇ, ನಾಯ್ಕರೇ ಅಂತ ಕರೆಯುವುದು ರೂಢಿ. ಗೊತ್ತಾಗದಿದ್ದರೆ ಅಣ್ಣ, ಅಮ್ಮ ಸಾಕು.

ಸಂಜೆ ಐದರ ಸುಮಾರಿಗೆ ಮನೆಯವರಲ್ಲಿ ಯಾರಾದರೂ ಒಬ್ಬರ ಜೊತೆ ನೀರಿನ ಅಂಚಿಗೆ ನಡೆದು ಹೋಗಿ. ಕಾನು, ಸೊಪ್ಪಿನ ಬೆಟ್ಟ, ಬ್ಯಾಣ, ತೋಟ ಅಂತ ಪ್ರತಿ ತುಂಡು ನೆಲಕ್ಕೂ ಇಲ್ಲಿ ಬೇರೆ ಹೆಸರು. ದಟ್ಟ ಕಾಡು ಕಾನು. ತೋಟಕ್ಕೆ ಸೊಪ್ಪು ತರುವ ಕಾಡು ಸೊಪ್ಪಿನ ಬೆಟ್ಟ. ಹುಲ್ಲುಗಾವಲು ಬ್ಯಾಣ. ಇವುಗಳನ್ನು ಒಮ್ಮೆ ಕೇಳಿ ತಿಳಿದುಕೊಂಡರೆ ನಿಮಗೆ ಬರೀ ಹಸಿರು ಕಾಣುವುದಿಲ್ಲ, ಊರು ಹೇಗೆ ಬದುಕುತ್ತದೆ ಅಂತ ಕಾಣುತ್ತದೆ.

ಸೂರ್ಯ ಇಳಿಯುವಾಗ ನೀರಿನ ಮೇಲೆ ಗುಡ್ಡಗಳ ನೆರಳು ಉದ್ದ ಆಗುತ್ತದೆ. ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸದ್ದೇ ಮೊದಲು ಕೇಳುತ್ತದೆ. ತಲೆ ಎತ್ತುವಷ್ಟರಲ್ಲಿ ಆಚೆ ದಡ ಸೇರಿರುತ್ತದೆ. ಶರಾವತಿ ಕಣಿವೆಯ ಕಾಡು ಸಿಂಗಳೀಕಗಳಿಗೂ ಮನೆ. ಅವು ಮರದ ತುದಿ ಬಿಟ್ಟು ಕೆಳಗಿಳಿಯುವುದು ಕಡಿಮೆ. ಕಂಡರೆ ಅದೃಷ್ಟ. ತಿನ್ನಲು ಏನನ್ನೂ ಎಸೆಯಬೇಡಿ.

ಹೆಜ್ಜೆ 7: ಊಟಕ್ಕೆ ಕೂರಿ, ಅವಸರ ಬೇಡ

ಇಲ್ಲಿ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಈ ಸೀಮೆಯನ್ನು ನಾಲಿಗೆಯಿಂದ ತಿಳಿದಷ್ಟು ಬೇರೆ ಯಾವುದರಿಂದಲೂ ತಿಳಿಯಲು ಆಗುವುದಿಲ್ಲ.

ಬೆಳಿಗ್ಗೆ ತೆಳ್ಳವು. ಅಕ್ಕಿ ಹಿಟ್ಟಿನ ತೆಳು ದೋಸೆ. ಜೊತೆಗೆ ಜೋನಿ ಬೆಲ್ಲ, ಅಂದರೆ ಜೇನಿನ ಹಾಗೆ ಹರಿಯುವ ಬೆಲ್ಲ, ಮೇಲೆ ತುಪ್ಪ. ಹತ್ತು ತಿಂದರೂ ಲೆಕ್ಕ ಸಿಗುವುದಿಲ್ಲ. ದೀವರ ಸಮುದಾಯದವರ ಮನೆಯಾದರೆ ಅಕ್ಕಿ ರೊಟ್ಟಿ ಅಥವಾ ಕಡುಬು. ಮಳೆಗಾಲವಾದರೆ ಕೆಸುವಿನ ಎಲೆಯ ಪತ್ರೊಡೆ.

ಮಧ್ಯಾಹ್ನದ ಊಟ ತಂಬುಳಿಯಿಂದ ಶುರು. ಒಂದೆಲಗ, ಶುಂಠಿ, ದಾಳಿಂಬೆ ಚಿಗುರು, ಸಾಂಬ್ರಾಣಿ ಸೊಪ್ಪು, ಹಿತ್ತಲಲ್ಲಿ ಏನಿದೆಯೋ ಅದರ ತಂಬುಳಿ. ಸೊಪ್ಪು, ಕಾಯಿತುರಿ, ಜೀರಿಗೆ, ಒಂದೆರಡು ಮೆಣಸಿನ ಕಾಳು ರುಬ್ಬಿ ಮಜ್ಜಿಗೆಗೆ ಕಲಸುವುದು, ಅಷ್ಟೆ. ಆಮೇಲೆ ಪಲ್ಯ, ಸಾಸಿವೆ, ಹುಳಿ, ಸಾರು. ಕಳಲೆ ಸಿಗುವ ಕಾಲದಲ್ಲಿ ಕಳಲೆ ಪಲ್ಯ ಬಿಡಬೇಡಿ. ಎಳೆ ಬಿದಿರನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ನೆನೆಸಿ, ಕಹಿ ತೆಗೆದು ಮಾಡುವ ಅಡಿಗೆ ಅದು. ಅದರ ಹಿಂದೆ ಎರಡು ಮೂರು ದಿನದ ಕೆಲಸ ಇರುತ್ತದೆ.

ಕೊನೆಗೆ ಅಪ್ಪೆಹುಳಿ. ಇದನ್ನು ಅನ್ನಕ್ಕೂ ಹಾಕಿಕೊಳ್ಳಬಹುದು, ಲೋಟದಲ್ಲಿ ಕುಡಿಯಲೂಬಹುದು. ಅಪ್ಪೆ ಅಂದರೆ ಹೊಳೆ ದಂಡೆಯಲ್ಲಿ ಬೆಳೆಯುವ ಕಾಡು ಮಾವು. ಸೊನೆ ಮೂಗಿಗೆ ಹಿಡಿದರೆ ಒಂದರದ್ದು ಜೀರಿಗೆ ವಾಸನೆ, ಇನ್ನೊಂದರದ್ದು ಕರ್ಪೂರದ್ದು. ಉಪ್ಪಿನಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಲೆನಾಡಿನ ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಇಂಥ ಮರಗಳಲ್ಲಿ ಎಷ್ಟೋ ಮುಳುಗಡೆಯಲ್ಲಿ ಹೋದವು. ನಮ್ಮ ದೊಡ್ಡಮ್ಮ ಕೊನೆಯವರೆಗೂ ನೀರಿನ ಕಡೆ ಕೈ ತೋರಿಸಿ "ಅಲ್ಲೊಂದು ಜೀರಿಗೆ ಅಪ್ಪೆ ಇತ್ತು" ಅನ್ನುತ್ತಿದ್ದರು.

ಅವರು ಮಾಡುತ್ತಿದ್ದ ಅಪ್ಪೆಹುಳಿ ಹೀಗೆ. ಒಂದು ಹುಳಿ ಮಾವಿನಕಾಯಿಯನ್ನು ನೀರಲ್ಲಿ ಮೆತ್ತಗೆ ಬೇಯಿಸಿ. ಆರಿದ ಮೇಲೆ ಕೈಯಲ್ಲೇ ಕಿವುಚಿ, ಗೊರಟು ಸಿಪ್ಪೆ ತೆಗೆಯಿರಿ. ನಾಲ್ಕೈದು ಲೋಟ ತಣ್ಣೀರು ಸೇರಿಸಿ. ಉಪ್ಪು, ಸೀಳಿದ ಹಸಿಮೆಣಸು, ಬೇಕಾದರೆ ಚೂರು ಬೆಲ್ಲ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗು, ಕರಿಬೇವಿನ ಒಗ್ಗರಣೆ. ಇಂಗಿಗೆ ಕೈ ಹಿಡಿತ ಬೇಡ. ಹೆಚ್ಚು ಕುದಿಸಬಾರದು, ತೆಳ್ಳಗೇ ಇರಬೇಕು. ಇದನ್ನು ಕುಡಿದ ಮೇಲೆ ಕಣ್ಣು ಎಳೆಯುತ್ತದೆ. ಮಧ್ಯಾಹ್ನದ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ, ಜಗಲಿಯಲ್ಲಿ ಚಾಪೆ ಹಾಕಿಕೊಡುತ್ತಾರೆ.

ಮೀನು, ಕೋಳಿ ತಿನ್ನುವವರು ಅಂಥ ಅಡಿಗೆ ಮಾಡುವ ಮನೆಯಲ್ಲಿ ಹೊಳೆ ಮೀನಿನ ಸಾರು, ನಾಟಿ ಕೋಳಿ ಸಾರಿನ ಜೊತೆ ಕಡುಬು ಕೇಳಿ. ಮಳೆ ಶುರುವಾದಾಗ ಹೊಸ ನೀರಿಗೆ ಗದ್ದೆಯ ಕಡೆ ಏರಿ ಬರುವ ಹತ್ತುಮೀನು, ಏಡಿ ಸಾರು ಆ ಕೆಲವೇ ವಾರಗಳ ರುಚಿ.

ಆಲೆಮನೆ ಕಾಲಕ್ಕೆ ಬಂದರೆ ತೊಡದೇವು ಮಾಡುವುದನ್ನು ನೋಡಿ. ಒಲೆಯ ಮೇಲೆ ಮಡಕೆಯನ್ನು ಬೋರಲು ಇಡುತ್ತಾರೆ. ಅಕ್ಕಿ ಹಿಟ್ಟು, ಕಬ್ಬಿನ ಹಾಲು ಕಲಸಿದ ನೀರು ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಎಳೆತಕ್ಕೆ ಬಳಿಯುತ್ತಾರೆ. ಕಾಗದಕ್ಕಿಂತ ತೆಳುವಾಗಿ ಏಳುತ್ತದೆ. ಬಿಸಿ ಇರುವಾಗಲೇ ಮಡಚಬೇಕು, ಒಂದು ಕ್ಷಣ ತಡವಾದರೂ ಪುಡಿ.

ಊಟ ಆದಮೇಲೆ ಕವಳದ ತಟ್ಟೆ ಬರುತ್ತದೆ. ಎಲೆ, ಅಡಿಕೆ, ಸುಣ್ಣ. ಅಭ್ಯಾಸ ಇಲ್ಲದಿದ್ದರೆ ಬೇಡ ಅನ್ನಬಹುದು. ಆದರೆ ಕವಳದ ಹೊತ್ತಿನ ಮಾತನ್ನು ತಪ್ಪಿಸಿಕೊಳ್ಳಬೇಡಿ. ಮುಳುಗಡೆಯ ಕತೆಗಳು ಹೊರಗೆ ಬರುವುದು ಆಗಲೇ.

ಹೆಜ್ಜೆ 8: ಸಿಗಂದೂರು

ಎರಡನೇ ದಿನ ಬೆಳಿಗ್ಗೆ ಬೇಗ ಹೋಗಿ. ಮಂಗಳವಾರ, ಶುಕ್ರವಾರ, ಭಾನುವಾರ ಜನ ಜಾಸ್ತಿ. ಚೌಡೇಶ್ವರಿ ಇಲ್ಲಿಯ ಕಾವಲು ದೇವತೆ. ತೋಟದ ಬೇಲಿಯ ಮೇಲೆ, ಮನೆಯ ಬಾಗಿಲ ಮೇಲೆ "ಸಿಗಂದೂರು ದೇವಿಯ ರಕ್ಷಣೆ ಇದೆ" ಅನ್ನುವ ಬೋರ್ಡನ್ನು ದಾರಿಯುದ್ದಕ್ಕೂ ನೋಡಿರುತ್ತೀರಿ. ಕಳ್ಳತನ ಆದರೆ, ಜಮೀನಿನ ತಗಾದೆ ಬಂದರೆ ಜನ ದೇವಿಗೆ ಹೇಳಿಕೊಳ್ಳುತ್ತಾರೆ. ಬೀಗ ಹಾಕದ ತೋಟಕ್ಕೆ ಆ ಬೋರ್ಡೇ ಬೀಗ. ಮಧ್ಯಾಹ್ನ ದೇವಸ್ಥಾನದಲ್ಲಿ ಪ್ರಸಾದದ ಊಟ ಇರುತ್ತದೆ, ಸಾಲಿನಲ್ಲಿ ಕೂತು ಉಣ್ಣಿ.

ಹೆಜ್ಜೆ 9: ಚಿತ್ತಾರದ ಮನೆಗೆ ಹೋಗಿ

ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ಈ ಸೀಮೆಯ ಸಂಪತ್ತು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಕುಂಚ ಪುಂಡಿ ನಾರಿನದು. ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಹುರಿದು ಕರಿದಾಗಿಸಿದ ಅಕ್ಕಿ. ಎಲ್ಲವೂ ಮನೆಯ ಸುತ್ತಲಿನದೇ. ಮದುವೆಯಲ್ಲಿ ಹಸೆಗೋಡೆಗೆ ಬರೆಯುವುದು ಇದರ ಮುಖ್ಯ ಸಂದರ್ಭ. ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಹುಡುಕಿ ನೋಡಿ. ಅಳತೆಪಟ್ಟಿ ಇಲ್ಲದೆ ಅಷ್ಟು ನೇರ ಗೆರೆ ಎಳೆಯುವುದಕ್ಕೆ ಎಷ್ಟು ವರ್ಷದ ಕೈ ಬೇಕು! ಎಲ್ಲ ಮನೆಯಲ್ಲೂ ಈಗ ಇಲ್ಲ. ನೀವು ಉಳಿದುಕೊಂಡ ಮನೆಯವರನ್ನು ಕೇಳಿದರೆ ಬರೆಯುವವರ ಮನೆ ತೋರಿಸುತ್ತಾರೆ. ಕೇಳಿಯೇ ಫೋಟೋ ತೆಗೆಯಿರಿ. ಬುಟ್ಟಿಯ ಮೇಲೋ ಹಾಳೆಯ ಮೇಲೋ ಬರೆದದ್ದು ಮಾರಾಟಕ್ಕಿದ್ದರೆ ಚೌಕಾಸಿ ಮಾಡದೆ ಕೊಳ್ಳಿ.

ಅಕ್ಟೋಬರ್ ಸುಮಾರಿಗೆ ಬರುವ ಭೂಮಿ ಹುಣ್ಣಿಮೆಗೆ ಆಗುವುದಾದರೆ ಬನ್ನಿ. ತೆನೆ ತುಂಬಿದ ಭೂಮಿತಾಯಿಗೆ ಬಸುರಿ ಬಯಕೆಯ ಊಟ ಬಡಿಸುವ ಹಬ್ಬ. ಹೆಂಗಸರು ರಾತ್ರಿಯೆಲ್ಲ ಎದ್ದು ಅಡಿಗೆ ಮಾಡುತ್ತಾರೆ. ಹಲವು ಸೊಪ್ಪುಗಳನ್ನು ಬೆರೆಸಿ ಬೇಯಿಸಿದ ಹಚ್ಚಂಬಲಿ, ಕಡುಬು ಎಲ್ಲ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ತುಂಬಿ, ಬೆಳಕು ಹರಿಯುವ ಮೊದಲು ಗದ್ದೆಗೆ ಒಯ್ಯುತ್ತಾರೆ. ಹಚ್ಚಂಬಲಿಯನ್ನು ಕೂಗುತ್ತಾ ಹೊಲದ ತುಂಬ ಬೀರುತ್ತಾರೆ. ಆಮೇಲೆ ಗದ್ದೆಯ ಬದುವಿನಲ್ಲೇ ಎಲ್ಲರೂ ಊಟ.

ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆ. ಊರ ದೇವರ ಮುಂದೆ ಹಚ್ಚಿದ ದೀಪ ಹಿಡಿದು ಗಂಡಸರ ತಂಡ ಮನೆಮನೆಗೆ ಹಾಡುತ್ತಾ ಬರುತ್ತದೆ. ದೀಪ ಆರಬಾರದು. ಬಾಗಿಲು ತೆರೆದು ಮನೆಯವರು ಎಣ್ಣೆ ಎರೆಯುತ್ತಾರೆ. ಕತ್ತಲ ಕಾಡಿನ ದಾರಿಯಲ್ಲಿ ದೂರದಿಂದ ಆ ಪದ ಕೇಳಿಸಿ ಹತ್ತಿರ ಬರುವುದನ್ನು ಜಗಲಿಯಲ್ಲಿ ಕೂತು ಕೇಳಬೇಕು. ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹೆಜ್ಜೆ 10: ನಿಜವಾದ ನಡುಗಡ್ಡೆ ಬೇಕಾದರೆ ಹೊನ್ನೆಮರಡು

ಸುತ್ತ ನೀರು, ನಡುವೆ ಪುಟ್ಟ ನೆಲ, ಹಾಗೆ ಬೇಕು ಅನ್ನುವವರಿಗೆ ಹೊನ್ನೆಮರಡು. ಇದೂ ಲಿಂಗನಮಕ್ಕಿ ಹಿನ್ನೀರೇ, ಆದರೆ ಸಾಗರದಿಂದ ಜೋಗದ ಕಡೆ ಹೋಗುವ ರಸ್ತೆಯಿಂದ ಒಳಗೆ. ತೆಪ್ಪ, ಕಯಾಕ್, ಈಜು, ನಡುಗಡ್ಡೆ ಎಲ್ಲ ಇದೆ. ಮೊದಲೇ ಮಾತಾಡಿ ಗೊತ್ತು ಮಾಡಿಕೊಂಡು ಹೋಗಬೇಕು. ಲೈಫ್ ಜಾಕೆಟ್ ಇಲ್ಲದೆ, ತಿಳಿದವರ ಜೊತೆ ಇಲ್ಲದೆ ನೀರಿಗೆ ಇಳಿಯಬೇಡಿ.

ಹೆಜ್ಜೆ 11: ಈ ಎಚ್ಚರಿಕೆಗಳನ್ನು ಖಂಡಿತ ಓದಿ

ನೀರು. ಹಿನ್ನೀರು ಕೆರೆಯ ಹಾಗೆ ಕಾಣುತ್ತದೆ, ಕೆರೆ ಅಲ್ಲ. ಒಳಗೆ ಹಳೇ ಕಣಿವೆ, ಹೊಳೆಯ ಆಳ, ಮರದ ಬೊಡ್ಡೆ ಎಲ್ಲ ಹಾಗೇ ಇವೆ. ಎರಡು ಹೆಜ್ಜೆ ಮೊಣಕಾಲು ನೀರು, ಮೂರನೇ ಹೆಜ್ಜೆಗೆ ನೆಲವೇ ಇಲ್ಲ. ದಡದ ಕೆಮ್ಮಣ್ಣು ಜಾರುತ್ತದೆ. ಈಜು ಬಂದರೂ ಸುಮ್ನೆ ಇಳಿಯಬೇಡಿ. ಊರಿನವರು ಬೇಡ ಅಂದ ಜಾಗ ಬೇಡವೇ.

ಉಣುಗು. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಭಯ ಇರುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ. 2018-19ರಲ್ಲಿ ಇದೇ ಸಾಗರ ತಾಲೂಕಿನ ಅರಳಗೋಡು ಕಡೆ ಬಹಳ ಜನ ನರಳಿದರು, ಜೀವಗಳೂ ಹೋದವು. ಇದು ಉಣುಗು, ಅಂದರೆ ಉಣ್ಣಿ, ಕಚ್ಚುವುದರಿಂದ ಬರುತ್ತದೆ. ಆ ತಿಂಗಳುಗಳಲ್ಲಿ ಒಣ ಎಲೆಯ ಮೇಲೆ ಕೂರಬೇಡಿ, ಕಾಡಿನೊಳಗೆ ಅಲೆಯಬೇಡಿ. ಮೈ ಮುಚ್ಚುವ ಬಟ್ಟೆ ಹಾಕಿ. ಆರೋಗ್ಯ ಇಲಾಖೆಯವರು ಇಲ್ಲಿ ಹಂಚುವ ಮೈಗೆ ಹಚ್ಚುವ ಎಣ್ಣೆ ಮನೆಯವರ ಹತ್ತಿರ ಇರುತ್ತದೆ, ಕೇಳಿ ಹಚ್ಚಿಕೊಳ್ಳಿ. ವಾಪಸ್ ಬಂದು ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಊರಿಗೆ ಮರಳಿದ ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ತಪ್ಪದೆ ಹೇಳಿ.

ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ, ಹತ್ತುತ್ತವೆ. ಭಯ ಬೇಡ. ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತವೆ.

ಪ್ಲಾಸ್ಟಿಕ್, ಬಾಟಲಿ. ದಡದಲ್ಲಿ ಒಡೆದ ಬಾಟಲಿಯ ಚೂರು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ದನಗಳು ಅಲ್ಲೇ ನೀರಿಗೆ ಇಳಿಯುತ್ತವೆ, ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ. ತಂದದ್ದನ್ನು ಚೀಲದಲ್ಲಿ ವಾಪಸ್ ಒಯ್ಯಿರಿ. ಸಾಗರದಲ್ಲಿ ಕಸದ ಗಾಡಿ ಬರುತ್ತದೆ, ದ್ವೀಪದ ಕಾಡಿಗೆ ಬರುವುದಿಲ್ಲ.

ಹೆಜ್ಜೆ 12: ಹೊರಡುವ ದಿನ

ಎರಡು ದಾರಿ ಇವೆ. ಬಂದ ದಾರಿಯಲ್ಲೇ ಸಾಗರಕ್ಕೆ ಬಂದು, ಅಲ್ಲಿಂದ ಸುಮಾರು 30 ಕಿ.ಮೀ. ಜೋಗ. ರಾಜಾ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕು ಧಾರೆ, 253 ಮೀಟರ್ ಎತ್ತರ. ಮೂರು ದಿನ ಆ ನೀರಿನ ದಡದಲ್ಲೇ ಇದ್ದು ಬಂದವರಿಗೆ ಜೋಗ ಬೇರೆ ಥರ ಕಾಣುತ್ತದೆ. ಬೇಸಿಗೆಯಲ್ಲಿ ಬಂಡೆ ಒಣಗಿದ್ದರೆ, ನೀರು ಎಲ್ಲಿ ನಿಂತಿದೆ ಅಂತ ನಿಮಗೆ ಗೊತ್ತು. ಜೋಗದಿಂದ ತಾಳಗುಪ್ಪಕ್ಕೆ ಬಂದರೆ ರಾತ್ರಿ ರೈಲು.

ಇನ್ನೊಂದು ದಾರಿ ಹಿಂಬದಿಯದು. ತುಮರಿ, ಬ್ಯಾಕೋಡು, ನಾಗೋಡಿ ಕಡೆಯಿಂದ ಕೊಲ್ಲೂರಿಗೆ. ಕಾಡು, ತಿರುವು, ಘಾಟಿ. ಹಗಲಲ್ಲೇ ಹೊರಡಿ, ನಿಧಾನ ಹೋಗಿ. ಮೂಕಾಂಬಿಕೆಯ ದರ್ಶನ ಮಾಡಿ ಕರಾವಳಿಗೆ ಇಳಿಯಬಹುದು.

ಯಾವ ದಾರಿಯಾದರೂ ಹೊರಡುವ ಮೊದಲು ಮನೆಯವರಲ್ಲಿ ಮಾರಾಟಕ್ಕೆ ಏನಿದೆ ಅಂತ ಕೇಳಿ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಾಳುಮೆಣಸು, ಜೋನಿ ಬೆಲ್ಲ. ಅಂಗಡಿಯ ಬೆಲೆಯನ್ನೇ ಕೊಡಿ. ಉಪ್ಪಿನಕಾಯಿಯ ಭರಣಿಗೆ ಒದ್ದೆ ಚಮಚ ಹಾಕಬೇಡಿ, ಮುಂದಿನ ವರ್ಷ ಬರುವ ತನಕ ಇರುತ್ತದೆ. ಊರು ತಲುಪಿದ ಮೇಲೆ ಆ ಮನೆಗೆ ಒಂದು ಫೋನ್ ಮಾಡಿ. ಹಗಲು ಸಿಗದಿದ್ದರೆ ಸಂಜೆ ಮಾಡಿ ನೋಡಿ, ಹಾಲು ಡೈರಿಗೆ ಹಾಕಲು ಯಾರಾದರೂ ಗುಡ್ಡ ಹತ್ತಿರುತ್ತಾರೆ.